ಕೆಂಪು ಗೆರೆಯ ದೇಶ

ಕೊನೆಯ ಸಾಲಿನಲ್ಲಿ ಕೂತ ಮನುಷ್ಯ ಊಟಕ್ಕೆಂದು ಬಂದವನಲ್ಲ. ಎಲ್ಲರೂ ಬಿರಿಯಾನಿಯ ವಾಸನೆ ಹಿಡಿದು ಎದ್ದು ಹೋದ ಮೇಲೂ ಅವನು ಪರದೆಯ ಫೋಟೋ ತೆಗೆಯುತ್ತ ನಿಂತಾಗ ಹೇಮಾಕ್ಷಿಗೆ ಅದು ಖಾತ್ರಿಯಾಯಿತು.

ಅವಳು ಕೊಡಿಯಾಲ್‌ಬೈಲಿನ ಒಂದು ಕಾಲೇಜಿನಲ್ಲಿ ಭೂಗೋಳದ ಅಧ್ಯಾಪಕಿ. ಕಾಡು ಬೋಳಿಸಿ ತೋಟ, ಗಣಿ ಮಾಡುವುದರಿಂದ ಎರಡು ದೇಶಗಳು ಗಾಳಿಗೆ ಬಿಡುವ ಹಸಿರುಮನೆ ಅನಿಲಗಳ ಹೋಲಿಕೆಯೇ ಅಂದಿನ ಉಪನ್ಯಾಸ. ಪರದೆಯ ಮೇಲೆ ಎರಡು ಗೆರೆ. ದಕ್ಷಿಣ ಅಮೆರಿಕದ ದೇಶದ ಹಸಿರು ಗೆರೆ ಇಳಿಯುತ್ತಿತ್ತು, ಆಫ್ರಿಕಾದ ದೇಶದ ಕೆಂಪು ಗೆರೆ ಏರುತ್ತಿತ್ತು. ವರ್ಷಗಳಿಂದ ಹೀಗೆ ಹೇಳುತ್ತಲೇ ಬಂದಿದ್ದಳು, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ನಿಮ್ಮ ಮಾತು ಕೇಳಿ ಯಾರಾದರೂ ಒಬ್ಬ ಏನಾದರೂ ಮಾಡಿದ್ದುಂಟೇ ಎಂದು ಪ್ರಿನ್ಸಿಪಾಲರು ಕೇಳಿದ್ದರು. ಇಲ್ಲವಾದರೆ ಈ ಉಪನ್ಯಾಸಮಾಲೆಗೆ ಮಂಗಳ ಹಾಡುವುದೇ ಸೈ ಎಂದೂ ಹೇಳಿದ್ದರು. ಅದು ಅವಳಿಗೆ ನಾಟಿತ್ತು. ಅವಳಿಗೆ ಬೇಕಾದದ್ದು ಒಬ್ಬನೇ ಒಬ್ಬ.

ಆ ಮನುಷ್ಯ ಹತ್ತಿರ ಬಂದ. ಬಜಪೆಯ ಆಂಬ್ರೋಸ್ ಎಂದು ಪರಿಚಯ ಹೇಳಿಕೊಂಡ. ಶೂ ತುಂಬ ಕೆಂಪು ಮಣ್ಣು.

"ಮೇಡಂ, ಈ ಹಸಿರು ಗೆರೆ ಇನ್ನೂ ಇಳೀತದಾ?"

ಇಳಿಯುತ್ತದೆ, ಅಲ್ಲಿ ಕಾನೂನು ಬಿಗಿಯಾಗಿದೆ ಎಂದಳು. ಒಳ್ಳೆಯ ಸುದ್ದಿಗೆ ಅವನ ಮುಖ ಯಾಕೋ ಸಪ್ಪಗಾಯಿತು. ಕೆಂಪು ದೇಶದ ಚಿಂತೆ ಇರಬೇಕೆಂದುಕೊಂಡಳು. ಅಲ್ಲಿಯಂತೂ ಹೇಳುವವರಿಲ್ಲ ಕೇಳುವವರಿಲ್ಲ, ಇನ್ನೂ ಎಷ್ಟೋ ವರ್ಷ ಮರ ಉರುಳುತ್ತಲೇ ಇರುತ್ತದೆ ಎಂದಳು. ಆಂಬ್ರೋಸ್ ದೀರ್ಘವಾಗಿ ಉಸಿರು ಬಿಟ್ಟ.

"ನನ್ನದೊಂದು ಸಣ್ಣ ಸ್ಕೂಲ್ ಉಂಟು ಮೇಡಂ. ಹುಡುಗರನ್ನು ಹಸಿರು ದೇಶಕ್ಕೆ ಕಳಿಸುವ ಅಂತ ಇದ್ದೆ. ದೊಡ್ಡ ತಪ್ಪಾಗ್ತಿತ್ತು."

"ಕಾಡಿಗಾ? ಅಲ್ಲಿ ಎಂತ ಕೆಲಸ?"

"ಮಣ್ಣಿಗಿಳಿದು ಮಾಡುವ ಕೆಲಸ. ಭಾಷಣ ಎಲ್ಲ ನಮಗೆ ಬರುವುದಿಲ್ಲ."

ಹೇಮಾಕ್ಷಿಗೆ ಮೈ ಜುಮ್ಮೆಂದಿತು. ಅಲ್ಲಿಂದಾಚೆ ಅವನನ್ನು ಮಾಷ್ಟ್ರೇ ಎಂದೇ ಕರೆದಳು. ಹಾಗೆ ಯಾರೂ ಕರೆದಿರಲಿಲ್ಲವೋ ಏನೋ, ಅವನು ನಾಚಿ ತಲೆ ಕೆರೆದುಕೊಂಡ. ಅವಳು ಕೆಂಪು ಗೆರೆಯ ದೇಶದ ಭೂಪಟ ಬಿಚ್ಚಿದಳು. ಕಾಡು ಎಲ್ಲಿ ದಟ್ಟವಾಗಿ ಉಳಿದಿದೆ, ಹುಡುಗರು ಮೊದಲು ಎಲ್ಲಿಗೆ ತಲುಪಬೇಕು, ಎಲ್ಲ ಗುರುತು ಹಾಕಿ ಕೊಟ್ಟಳು. ಊಟ ತಣ್ಣಗಾದದ್ದು ಇಬ್ಬರಿಗೂ ತಿಳಿಯಲಿಲ್ಲ.

ಸುದ್ದಿ ಕೇಳಿದ ಪ್ರಿನ್ಸಿಪಾಲರು ಉಪನ್ಯಾಸಮಾಲೆ ನಿಲ್ಲಿಸುವ ಮಾತೆತ್ತಲಿಲ್ಲ. ಫೋಟೋ ಇದ್ದರೆ ಕಾಲೇಜಿನ ವಾರ್ಷಿಕ ಸಂಚಿಕೆಗೆ ಕೊಡಿ ಎಂದರು.

ಕೆಲವು ತಿಂಗಳ ಬಳಿಕ ಆಂಬ್ರೋಸ್ ಫೋನ್ ಮಾಡಿದ. ಹುಡುಗರು ಹೊರಟಿದ್ದಾರೆ, ಏರ್‌ಪೋರ್ಟಿಗೆ ಬಂದು ಎರಡು ಮಾತು ಹೇಳಿ ಹರಸಬೇಕು ಎಂದ. ಅವಳು ಒಳ್ಳೆಯ ಸೀರೆಯುಟ್ಟು ಹೋದಳು. ಹುಡುಗರು ಬ್ಯಾಗು ಹಿಡಿದು ಅವಳೆದುರು ಸಾಲಾಗಿ ನಿಂತಿದ್ದರು. ಬಿಸಿಲಿಗೆ ಕಪ್ಪಾದ ಮುಖ, ದಡ್ಡುಗಟ್ಟಿದ ಅಂಗೈ. ನನ್ನ ತರಗತಿಯ ಮಕ್ಕಳು ಇವರನ್ನು ನೋಡಿ ಕಲಿಯಬೇಕು ಎನಿಸಿತು.

"ಆ ಕಾಡು ಇನ್ನು ನಿಮ್ಮ ಕೈಯಲ್ಲಿ ಉಂಟು ಮಕ್ಕಳೇ. ನೀವು ಹೋದ ಮೇಲೆ ಆ ಗೆರೆ ಬದಲಾಗಬೇಕು."

"ಖಂಡಿತ ಬದಲಾಗ್ತದೆ ಮೇಡಂ," ಎಂದ ಆಂಬ್ರೋಸ್.

ಹುಡುಗರು ಕೈಮುಗಿದರು. ಅವಳ ಕಣ್ಣು ತುಂಬಿ ಬಂತು. ಇಷ್ಟು ವರ್ಷಗಳ ಮಾತು ಕೊನೆಗೂ ಒಂದು ಕಡೆ ಬೇರೂರಿತಲ್ಲ ಎಂಬ ಸಂತೋಷ ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು, ಪ್ರಿನ್ಸಿಪಾಲರಿಗೆ ಫೋಟೋ ಕಳಿಸಲು ಮೊಬೈಲ್ ಎತ್ತಿ ಹಿಡಿದಳು.

ಹುಡುಗರು ಗೇಟಿನತ್ತ ತಿರುಗಿದರು, ಎಲ್ಲರ ಬೆನ್ನ ಮೇಲೂ ಹಳದಿ ಅಕ್ಷರಗಳಲ್ಲಿ ಬರೆದಿತ್ತು: ಆಂಬ್ರೋಸ್ ಬುಲ್ಡೋಜರ್ ಡ್ರೈವಿಂಗ್ ಸ್ಕೂಲ್, ಬಜಪೆ.