ಹಿಂದಿನ ದಾಖಲೆಯ ಕರ್ತೃ

ಯಾರದೋ ಪೇಟೆಂಟ್ ಅರ್ಜಿಯನ್ನು ಹೊಡೆದುಹಾಕಲು ಹಳೆಯ ದಾಖಲೆಗಳಲ್ಲಿ ತಡಕಾಡುತ್ತಿದ್ದಾಗ ನನ್ನ ಕೈಗೆ ಸಿಕ್ಕಿದ್ದು ನಾನೇ.

"ಮೇಡಂ, ಇಲ್ಲಿ ಬನ್ನಿ!" ಎಂದು ಪಕ್ಕದ ಮೇಜಿನ ಹಿರಿಯ ಪರೀಕ್ಷಕಿಯನ್ನು ಕರೆದೆ. ಬಂದ ಅರ್ಜಿಯಲ್ಲಿ ಅರ್ಧವನ್ನಾದರೂ ಕತ್ತರಿಸದೆ ಕಳಿಸಿದವರಲ್ಲ; ಕಚೇರಿಗೆಲ್ಲ ಅವರು ಕತ್ತರಿ ಮೇಡಂ. ಕನ್ನಡಕ ಏರಿಸಿ ನನ್ನ ಪರದೆಗೆ ಬಗ್ಗಿದರು. ಹುಡುಗುತನದ ಹುಮ್ಮಸ್ಸಿನಲ್ಲಿ ನಾನು ಹಾಕಿದ್ದ, 'ಹೊಸತೇನೂ ಇಲ್ಲ' ಎಂದು ತಿರಸ್ಕಾರವಾಗಿದ್ದ ಅರ್ಜಿ ಅಲ್ಲಿತ್ತು. ಪೇಟೆಂಟ್ ಸಿಗದ ಸಿಟ್ಟಿಗೆ ಪೇಟೆಂಟ್ ಕೊಡುವ ಕೆಲಸಕ್ಕೆ ಸೇರಿದವನು ನಾನು. ಸೇರಿದ ಮೇಲೆ ಕೈ ಪಳಗಿದ್ದು ಮಾತ್ರ ಕೊಡದಿರುವುದರಲ್ಲಿ.

"ಅಂತೂ ನಿಮ್ಮ ಅರ್ಜಿ ಒಂದು ಕೆಲಸಕ್ಕೆ ಬಂತು ಅನ್ನಿ," ಎಂದರು ಮೇಡಂ. "ಇನ್ನೊಬ್ಬರದ್ದನ್ನ ಕೊಲ್ಲೋಕೆ."

"ಕೊಲ್ಲೋದು ಯಾಕಂತೀರಿ? ನಾನು ಆ ಕಾಲಕ್ಕೇ ಯೋಚಿಸಿದ್ದೆ ಅಂತ ಈಗ ಕಚೇರಿಯೇ ಒಪ್ಪಿಕೊಂಡ ಹಾಗಲ್ವಾ?"

"ಕಚೇರಿ ಅಂದ್ರೆ ಇಲ್ಲಿ ನೀವೇ ತಾನೆ?"

ವಿಷಯ ಇಷ್ಟೇ. ಬಸ್ಸಿನಲ್ಲಿ ಹೋಗುವವರ ಮೊಬೈಲು ಒಂದು ಟವರಿನ ಕೈಬಿಟ್ಟು ಮುಂದಿನ ಟವರಿನ ಕೈ ಹಿಡಿಯಬೇಕು. ಅದಕ್ಕೆ ಮುಂಚೆ ಅಕ್ಕಪಕ್ಕದ ಟವರುಗಳ ಸಿಗ್ನಲ್ ಎಷ್ಟಿದೆ ಎಂದು ಅಳೆದು ನೋಡಬೇಕು. ಸದಾ ಅಳೆಯುತ್ತಿದ್ದರೆ ಬ್ಯಾಟರಿ ಖಾಲಿ. ತಡವಾಗಿ ಅಳೆದರೆ ಮಾತು ಅರ್ಧಕ್ಕೇ ಕಟ್. ಸಿಗ್ನಲ್ ಇಂತಿಷ್ಟಕ್ಕಿಂತ ಕೆಳಗಿಳಿದಾಗ ಅಳೆಯಬೇಕು ಎಂದು ನನ್ನ ಹಳೆಯ ಅರ್ಜಿ ಹೇಳಿತ್ತು. ಈಗ ಬಂದಿದ್ದ ಅರ್ಜಿಯ ಮೊಬೈಲು ಇನ್ನೂ ಜಾಣ. ದಿನವೂ ಓಡಾಡುವ ದಾರಿಯಲ್ಲಿ ಸಿಗ್ನಲ್ ಎಲ್ಲಿ ಬೀಳುತ್ತದೆ ಎಂದು ಅದು ನೆನಪಿಟ್ಟುಕೊಳ್ಳುತ್ತದೆ. ಆ ಜಾಗ ಬರುವ ತುಸು ಮುಂಚೆ ಮಾತ್ರ ಅಳೆಯಲು ಶುರು ಮಾಡುತ್ತದೆ. ಓದುತ್ತಿದ್ದ ಹಾಗೇ 'ಅರೆ, ಇದು ನನ್ನದೇ ಯೋಚನೆ' ಅನ್ನಿಸಿತು. ಇದನ್ನು ಮೊದಲೇ ಒಬ್ಬರು ಹೇಳಿಯಾಗಿದೆ, ಹೊಸದಲ್ಲ ಎಂದು ನನ್ನ ಅರ್ಜಿಯನ್ನೇ ಆಧಾರ ಮಾಡಿಕೊಂಡು ಆಕ್ಷೇಪಣೆ ಕಳಿಸಿಬಿಟ್ಟೆ.

ಅರ್ಜಿ ಹಾಕಿದ ಇಂಜಿನಿಯರ್ ಹೆಂಗಸು ತಾವೇ ವಿಚಾರಣೆಗೆ ಬಂದರು, ವಕೀಲರಿಲ್ಲದೆ. ಎದುರಿಗೆ ನಾನು, ನನ್ನ ಪಕ್ಕದಲ್ಲಿ ಕತ್ತರಿ ಮೇಡಂ. "ಆರು ವರ್ಷ ಇದರ ಹಿಂದೆ ಬಿದ್ದಿದ್ದೀನಿ ಸರ್," ಎಂದರು. "ಇವತ್ತು ನೀವು ಇಲ್ಲ ಅಂದ್ರೆ ನಾಳೆ ದೊಡ್ಡ ಕಂಪನಿಗಳು ಎತ್ಕೊಂಡು ಹೋಗ್ತವೆ. ನಾನು ಮಾಡಿದ್ದು ಅಂತ ಹೇಳ್ಕೊಳ್ಳೋಕೂ ಆಗಲ್ಲ." ಆಮೇಲೆ ನನ್ನ ಹಳೆಯ ಅರ್ಜಿಯ ಪ್ರತಿಯನ್ನು ಮೇಜಿನ ಮೇಲೆ ಹರಡಿದರು. ಅದರ ತುಂಬ ಕೆಂಪು ಗೆರೆ.

"ಈ ಮನುಷ್ಯ ನೋಡಿ ಸರ್, ಸಿಗ್ನಲ್ ಬಿದ್ದ ಮೇಲೆ ಅಳೀಬೇಕು ಅಂತಾನೆ. ಬಸ್ಸು ಅಷ್ಟು ಹೊತ್ತಿಗೆ ಸೇತುವೆ ಕೆಳಗೆ ಇಳಿದಿರುತ್ತೆ, ಮಾತು ಕಟ್ಟಾಗಿರುತ್ತೆ. ಫೋನ್ ಹಿಡ್ಕೊಂಡು ಒಂದು ದಿನ ಆದ್ರೂ ಬಸ್ ಹತ್ತಿದ್ನೋ ಇಲ್ವೋ! ಕುರ್ಚಿ ಬಿಟ್ಟು ಏಳದೆ ಬರೆದಿದ್ದಾನೆ."

ನಾನು ಕುರ್ಚಿಯಲ್ಲೇ ಸ್ವಲ್ಪ ಸರಿದು ಕೂತೆ. "ಹಾಗಲ್ಲಮ್ಮ. ದಾರಿ ನೆನಪಿಡೋ ವಿಚಾರ ಅದರಲ್ಲೂ ಇದೆ."

"ಯಾವ ಸಾಲಲ್ಲಿದೆ ಸರ್?"

ಹಾಳೆ ತಿರುವಿದೆ. ಮತ್ತೆ ಹಿಂದಕ್ಕೆ ತಿರುವಿದೆ. ಆ ಸಾಲು ನನ್ನ ಕಣ್ಣಿಗೆ ಕಟ್ಟಿದ ಹಾಗಿತ್ತು. ಹಾಳೆಯ ಮೇಲೆ ಮಾತ್ರ ಇರಲಿಲ್ಲ.

"ಬರೆದಿಲ್ಲ, ನಿಜ," ಎಂದೆ. "ಆದರೆ ಬರೆಯುವಾಗ ಅವನ ತಲೆಯಲ್ಲಿ ಇತ್ತು."

"ಅದು ನಿಮಗೆ ಹೇಗೆ ಗೊತ್ತು ಸರ್?"

ಕತ್ತರಿ ಮೇಡಂಗೆ ಜೋರಾಗಿ ಕೆಮ್ಮು ಬಂತು. 'ತಲೆಯಲ್ಲಿರೋದು ಬೇಡ, ಹಾಳೆ ಮೇಲಿರೋದು ತೋರಿಸಿ' ಎಂದು ಇದೇ ಕೋಣೆಯಿಂದ ನಾನು ಎಷ್ಟು ಜನರನ್ನು ಸಾಗಹಾಕಿದ್ದೇನೋ! ಅದು ಹಾಗಿರಲಿ, ಆ ಯೋಚನೆ ಅಂದು ನಿಜಕ್ಕೂ ನನ್ನ ತಲೆಯಲ್ಲಿತ್ತೋ, ಇಲ್ಲಾ ಇವರದ್ದನ್ನು ಓದಿದ ಮೇಲೆ ಬಂದು ಹಳೇ ಬಾಡಿಗೆದಾರನ ಹಾಗೆ ಕೂತುಬಿಟ್ಟಿತೋ? ಎಷ್ಟು ಕೆದಕಿದರೂ ನನಗೇ ಗೊತ್ತಾಗಲಿಲ್ಲ.

ಆಕೆ ಪ್ರತಿಯ ಮೊದಲ ಪುಟಕ್ಕೆ ಹೋದರು. ಅಲ್ಲಿದ್ದ ಹೆಸರು ಓದಿದರು. ನನ್ನ ಮುಂದಿದ್ದ ನಾಮಫಲಕ ನೋಡಿದರು. ಪ್ರತಿಯನ್ನು ಮೆಲ್ಲಗೆ ಮಡಚಿ, ಕೆಂಪು ಗೆರೆ ಕಾಣದ ಹಾಗೆ ಮಗುಚಿ ಇಟ್ಟರು.

"ಆಕ್ಷೇಪಣೆ ವಾಪಸ್ ತಗೋತೀನಿ," ಎಂದೆ. "ನಿಮ್ಮದು ಹೊಸದೇ."

ಆಕೆಯ ಕಣ್ಣು ತುಂಬಿತು. ಕಾಗದ ಜೋಡಿಸಿಕೊಂಡು ಎದ್ದರು. ಬಾಗಿಲವರೆಗೆ ಹೋದವರು ನಿಂತರು. "ಆ ಅರ್ಜಿ ಬರೆದವರು ಎಲ್ಲಾದ್ರೂ ಸಿಕ್ಕಿದ್ರೆ ಹೇಳಿ ಸರ್, ಅವರು ಕೈಬಿಡಬಾರದಿತ್ತು. ಅರ್ಧ ದಾರಿ ಬಂದುಬಿಟ್ಟಿದ್ರು." ಇಷ್ಟು ಹೊತ್ತು 'ಈ ಮನುಷ್ಯ' ಆಗಿದ್ದವನಿಗೆ ಈಗ ಮರ್ಯಾದೆ ಬಂದಿತ್ತು.

"ಹೇಳ್ತೀನಮ್ಮ," ಎಂದೆ. "ಅವನೂ ಕುರ್ಚಿ ಬಿಟ್ಟು ಏಳೋದು ಕಮ್ಮಿ."

ಪೇಟೆಂಟ್ ಕೊಡುವಾಗ ಕಾರಣ ಬರೆಯಬೇಕು: ಹಳೆಯದರಲ್ಲಿ ಏನಿರಲಿಲ್ಲ, ಹೊಸದರಲ್ಲಿ ಏನಿದೆ ಎಂದು. ಬರೆದೆ, ಅಳಿಸಿದೆ, ಮತ್ತೆ ಬರೆದೆ. 'ಸ್ಪಷ್ಟವಾಗಿ ಹೇಳಿರಲಿಲ್ಲ' ಎಂಬಲ್ಲಿಗೆ ತಂದು ನಿಲ್ಲಿಸಿದ್ದೆ. ಕತ್ತರಿ ಮೇಡಂ ಬಗ್ಗಿ ಓದಿ, ಬೆರಳಿನಿಂದಲೇ 'ಸ್ಪಷ್ಟವಾಗಿ' ಅನ್ನುವುದನ್ನು ಹೊಡೆದುಹಾಕಿದರು. "ಬೇರೆಯವರದ್ದಾಗಿದ್ರೆ ಏನು ಬರೀತಿದ್ರಿ? ಅದನ್ನೇ ಬರೀರಿ."

'ಹಿಂದಿನ ದಾಖಲೆಯ ಕರ್ತೃವಿಗೆ ಈ ವಿಚಾರ ಹೊಳೆದಿರಲಿಲ್ಲ' ಎಂದು ಬರೆದು, ಕೆಳಗೆ ಅದೇ ಕರ್ತೃವಿನ ಸಹಿ ಹಾಕಿದೆ.