ಮೂಲೆಯಂಗಡಿಯ ಬಾಗಿ

ಉತ್ತರಕ್ರಿಯೆಯ ಬೊಜ್ಜ ಮುಗಿದು ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ಸತ್ತವನ ಮೊಬೈಲ್ ರಿಂಗಾಯಿತು.

ನಿಶ್ಮಿತಾ ಹಾಲಿನ ಪ್ಯಾಕೆಟ್ ಕತ್ತರಿಸುತ್ತಿದ್ದಳು. ಪರದೆಯ ಮೇಲೆ ಯಾರ ಹೆಸರೂ ಇರಲಿಲ್ಲ. ‘ಡೊಂಬಿವಲಿ’ ಎಂದಷ್ಟೇ ಇತ್ತು. ಎತ್ತಿದಳು. ಬಾಯಿ ತೆರೆಯುವ ಮೊದಲೇ ಆಚೆಯಿಂದ ಒಬ್ಬ ಹೆಂಗಸು ಶುರು ಮಾಡಿದಳು.

“ಲತೇಶಣ್ಣ, ಎಲ್ಲಿ ಮಾಯ ಆದಿರಿ ಮಾರಾಯ್ರೆ? ಬಾಗಿಯ ಫೋಟೋ ಸಿಕ್ಕಿತಾ? ಅಂಗಡಿಯ ಫೋಟೋ ಸಿಕ್ಕಿದರೆ ಅವಳೂ ಸಿಗ್ತಾಳೆ ಅಂದಿದ್ರಿ. ಆಟಿಯಲ್ಲೇ ಮದುವೆ ಮುಗಿಸಿಬಿಡುವ. ಹೆಂಡತಿಗೆ ಇನ್ನೂ ಹೇಳಿಲ್ಲವಾ? ಎಷ್ಟು ದಿನ ಮುಚ್ಚಿಡ್ತೀರಿ?”

ಆಚೆ ಕಡೆ ಲೋಕಲ್ ರೈಲೊಂದು ಅಬ್ಬರಿಸಿ ಹಾದುಹೋಯಿತು. ಕರೆ ಕಡಿಯಿತು.

ನಿಶ್ಮಿತಾ ಹಾಲನ್ನು ಒಲೆಗಿಟ್ಟಳು. ಆಟಿ ತಿಂಗಳಲ್ಲಿ ತುಳುನಾಡಿನವರು ಯಾರೂ ಮದುವೆ ಮಾಡುವುದಿಲ್ಲ. ಕದ್ದು ಮಾಡುವವರಿಗೆ ಯಾವ ತಿಂಗಳಾದರೇನು?

ಮಹಾಪೆಯ ಆಫೀಸಿನಿಂದ ಬಂದಿದ್ದ ಗಂಡ ಲತೇಶನ ಬ್ಯಾಗನ್ನು ಅವಳು ಮುಟ್ಟಿರಲಿಲ್ಲ. ಜ್ವರವೆಂದು ಮಲಗಿದವನು ಅದೇ ವಾರದಲ್ಲಿ ಹೋಗಿಬಿಟ್ಟಿದ್ದ. ಈಗ ಜಿಪ್ ಎಳೆದಳು. ಯಾರದೋ ಮದುವೆಯ ಹಳೆಯ ಆಲ್ಬಮ್. ಅದರ ಕೆಳಗೆ, ಪೇಪರಿನಲ್ಲಿ ಸುತ್ತಿದ ಹೊಸ ಕೆಂಪು ಗಾಜಿನ ಬಳೆಗಳು. ಒಂದನ್ನು ತೊಡಲು ನೋಡಿದಳು. ಬೆರಳ ಗಂಟು ದಾಟಲಿಲ್ಲ. ತೆಳ್ಳಗಿನವಳು ಇರಬೇಕು, ಬಾಗಿ.

ಆಲ್ಬಮ್ಮಿನ ಒಂದು ಪುಟದಲ್ಲಿ ಲೋಕಲ್ ಟಿಕೆಟ್ ಸಿಕ್ಕಿಸಿತ್ತು. ಮದುಮಗನ ದಿಬ್ಬಣ ಕಳವಾ ಊರಿನ ಒಂದು ಗಲ್ಲಿಯಲ್ಲಿ ನಿಂತಿದೆ. ಹಿಂದೆ ಮೂಲೆಯಲ್ಲಿ ದೇಜಪ್ಪ ಎಂಬ ಬೋರ್ಡಿನ ಅಂಗಡಿ. ದೇಜಪ್ಪ ಲತೇಶನ ಅಪ್ಪ. ಮಾವನನ್ನೂ ಅವಳು ಕಂಡಿರಲಿಲ್ಲ, ಅಂಗಡಿಯನ್ನೂ. ರಸ್ತೆ ಅಗಲ ಮಾಡುವಾಗ ಅದನ್ನು ಒಡೆದುಹಾಕಿದ್ದರು. ಅಂಗಡಿಯನ್ನೇ ನಿಲ್ಲಿಸಿ ಫೋಟೋ ತೆಗೆದವರು ಯಾರು? ಅದು ಉಳಿದಿದ್ದರೆ ಬೇರೆಯವರ ಸಂಭ್ರಮದ ಬೆನ್ನ ಹಿಂದೆ ಮಾತ್ರ. ಈಚೆಗೆ ಭಾನುವಾರಗಳಂದು ಲತೇಶ್ ಅದನ್ನೇ ಹುಡುಕಲು ಹೋಗುತ್ತಿದ್ದ. ಅಪ್ಪನ ನೆನಪು ಎಂದುಕೊಂಡು ಅವಳು ಸುಮ್ಮನಿದ್ದಳು.

ಚಿತ್ರವನ್ನು ಕಣ್ಣಿಗೆ ಹತ್ತಿರ ತಂದಳು. ಬ್ಯಾಂಡಿನವನ ಡೋಲಿನ ಹಿಂದೆ, ಪೆಪ್ಪರ್ಮಿಂಟಿನ ಬರಣಿಯ ಮೇಲೆ ಒಂದು ಕೈ. ಕೆಂಪು ಬಳೆ ತೊಟ್ಟ ಕೈ. ಮುಖವನ್ನು ಡೋಲು ನುಂಗಿತ್ತು.

ಆ ಮುಖ ಬೇಕಾಗಿತ್ತು ಅವಳಿಗೆ. ಇಷ್ಟು ದಿನವಾದರೂ ಅವಳು ಅತ್ತಿರಲಿಲ್ಲ. ಅಳುವ ಮೊದಲು ಗೊತ್ತಾಗಬೇಕಿತ್ತು: ಸತ್ತವನು ತನ್ನ ಗಂಡನೋ, ಇನ್ನೊಬ್ಬಳ ಗಂಡನಾಗಲು ಹೊರಟಿದ್ದವನೋ. ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು. ಗ್ಯಾಸ್ ಆರಿಸಿ, ಆಲ್ಬಮ್ಮನ್ನು ಚೀಲಕ್ಕೆ ಹಾಕಿಕೊಂಡು ಕಲ್ಯಾಣ ಸ್ಟೇಷನ್ನಿಗೆ ನಡೆದಳು.

ಕಳವಾ ಊರಿನಲ್ಲಿ ಅಂಗಡಿ ಇದ್ದ ಜಾಗದ ಮೇಲೆ ರಿಕ್ಷಾಗಳು ಓಡುತ್ತಿದ್ದವು. ಎದುರಿಗೆ ಮೊಬೈಲ್ ರಿಪೇರಿ ಮಾಡುವ ಭೀಮು ಅವಳ ಪ್ರಶ್ನೆ ಕೇಳಿ ನಕ್ಕ.

“ಆ ಅಂಗಡಿಗಿ ಈಗ ಭಾರಿ ಡಿಮ್ಯಾಂಡ್ ಬಂದದ ನೋಡ್ರಿ, ವಹಿನಿ. ನಾ ಇಲ್ಲಿಗಿ ಬರೂ ಮೊದಲ ಅದು ಹೋಗಿತ್ತು. ಹ್ವಾದ ತಿಂಗಳ ಒಬ್ಬ ಮನಿ ಮನಿ ಅಡ್ಡಾಡಿ ಇದರ ಫೋಟೋ ಕೇಳಿದ. ಲಗ್ನಕ್ಕ ಬೇಕಂತ. ಯಾರ ಲಗ್ನಪ್ಪಾ ಅಂದರ ನೆಲ ನೋಡಕೋತ ನಿಂತ.”

ಲತೇಶ್ ಸ್ಕ್ಯಾನ್ ಮಾಡಿಸಿದ್ದ ದಹಿ ಹಂಡಿಯ ಹಳೆಯ ಚಿತ್ರವೊಂದು ಭೀಮುವಿನ ಕಂಪ್ಯೂಟರಿನಲ್ಲಿತ್ತು. ದೊಡ್ಡದು ಮಾಡಿ ತೋರಿಸಿದ. ಹುಡುಗರ ಗೋಪುರದ ಹಿಂದೆ ಅಂಗಡಿ, ಬರಣಿ, ಅದೇ ಕೈ. ಮುಖದ ಮುಂದೆ ಯಾರದೋ ಮೊಣಕಾಲು.

ಅವಳು ಚಾಳಿನ ಮೆಟ್ಟಿಲು ಹತ್ತಿದಳು, ಇಳಿದಳು. ಕೆಲವರು ಟ್ರಂಕು ತೆರೆದರು, ಕೆಲವರು ಬಾಗಿಲನ್ನೇ ತೆರೆಯಲಿಲ್ಲ. ಎಲ್ಲೂ ಆ ಮುಖವಿಲ್ಲ. ಒಬ್ಬ ಮುದುಕ ಮಾತ್ರ ಹೆಸರು ಕೇಳುತ್ತಲೇ, “ಬಾಗಿನಾ? ಲತೇಶನ ಜೀವ ಅಲ್ವಾ ಅದು” ಎಂದ. ಆಮೇಲೆ ಅವಳ ಕರಿಮಣಿಯಿಲ್ಲದ ಕತ್ತು ಕಂಡು ಬಾಯಿ ಮುಚ್ಚಿದ. ಬಾಗಿಯ ಬಗ್ಗೆ ಏನು ಕೇಳಿದರೂ, ಆಲ್ಬಮ್ ಚಂದ್ರಬಾಯಿಯ ಮನೆಯದು ಎಂದು ಗಲ್ಲಿಯ ಕೊನೆಗೆ ಬೆರಳು ತೋರಿಸಿದ.

ಊರಿಗೆಲ್ಲ ಗೊತ್ತಿರುವುದು ತನಗೊಬ್ಬಳಿಗೆ ಗೊತ್ತಿಲ್ಲ. ನಿಶ್ಮಿತಾ ಗಲ್ಲಿಯ ಕೊನೆಗೆ ನಡೆದಳು.

ಚಂದ್ರಬಾಯಿ ಹೊಸ್ತಿಲ ಮೇಲೆ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದಳು. ವಿಜಯಪುರ ಕಡೆಯ ಮುದುಕಿ. ಆಲ್ಬಮ್ ಕಂಡದ್ದೇ ಗುರುತು ಹಿಡಿದಳು.

“ನಮ್ಮ ತಂಗೀ ಲಗ್ನದ್ದು. ನಾಳೆ ತಂದ ಕೊಡ್ತೀನಿ ಅಂತ ಒಯ್ದಾಂವ, ಈಗ ಹೇಣ್ತೀನ ಕಳಿಸ್ಯಾನ?”

ನಿಶ್ಮಿತಾ ವಿಷಯ ಹೇಳಿದಳು. ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. ಚಂದ್ರಬಾಯಿ ಸೊಪ್ಪು ಸರಿಸಿ ಹೊಸ್ತಿಲ ಮೇಲೆ ಜಾಗ ಮಾಡಿದಳು.

“ಬಾಗಿ ಎಲ್ಲಿರ್ತಾಳೆ?” ನಿಶ್ಮಿತಾ ಕೇಳಿದಳು. “ಅವನು ಹೋದ ಅಂತ ಅವಳಿಗೂ ನಾನೇ ಹೇಳಬೇಕು.”

ಮುದುಕಿ ಅವಳನ್ನೇ ದಿಟ್ಟಿಸಿದಳು.

“ನಿನಗ ಹೇಳೇ ಇಲ್ಲೇನ ಅಂವ? ಬೆನ್ನಿಗೆ ಬಿದ್ದ ತಂಗಿ ಅದು. ನಾಲ್ಕ ವರ್ಷದ ಕೂಸು. ಅಂಗಡೀ ಮುಂದನೇ ಟೆಂಪೋ ಹಾಯ್ತು. ಆ ದುಃಖದಾಗ ದೇಜಪ್ಪ ಆಕೀದೊಂದು ಫೋಟೋ ಉಳಸಲಿಲ್ಲ, ಎಲ್ಲಾ ಸುಟ್ಟ.”

ನಿಶ್ಮಿತಾ ಹೊಸ್ತಿಲ ಮೇಲೆ ಕೂತಳು. ತೀರಿಹೋದ ಮಕ್ಕಳೂ ಆ ಲೋಕದಲ್ಲಿ ಬೆಳೆಯುತ್ತವಂತೆ, ಅವಕ್ಕೂ ಪ್ರಾಯ ಬರುತ್ತದಂತೆ, ಪ್ರಾಯ ಬಂದರೆ ಆಟಿಯಲ್ಲಿ ಮದುವೆಯನ್ನೂ ಮಾಡಿಸಬೇಕಂತೆ ಎಂದು ಒಂದು ಸಂಜೆ ಲತೇಶ್ ಮಾತು ತೆಗೆದಿದ್ದ. ಎಂ.ಎ. ಓದಿದ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಅವನು ಮತ್ತೆಂದೂ ಆ ಮಾತು ಎತ್ತಿರಲಿಲ್ಲ.

ಆಲ್ಬಮ್ಮನ್ನು ಚಂದ್ರಬಾಯಿಯ ಮಡಿಲಿಗಿಟ್ಟು, ಅಲ್ಲೇ ಕೂತು ಡೊಂಬಿವಲಿಗೆ ಫೋನ್ ಹಚ್ಚಿದಳು.

“ನಾನು ಮದುಮಗಳ ಅತ್ತಿಗೆ ಮಾತಾಡುವುದು. ಮದುವೆ ನಿಲ್ಲುವುದು ಬೇಡ, ಹೆಣ್ಣಿನ ಕಡೆಯಿಂದ ನಾನಿದ್ದೇನೆ. ನಿಮ್ಮ ಹುಡುಗ ತೀರಿಕೊಂಡಾಗ ಅವನಿಗೆ ಎಷ್ಟು ಪ್ರಾಯ?”