ಬಳುವಳಿಯ ಗತ್

ಶಬ್ಬನ್ ಬೆರಳು ತಬಲದ ಮೇಲೆ ಬೀಳುವುದರೊಳಗೆ ತಂಗಿಯ ಗಂಡ ಮುಷ್ತಾಕ್ ಅವನ ಕೈ ತಡೆದ.

"ಬೇರೆ ಏನಾದ್ರೂ ನುಡಿಸಿ ಶಬ್ಬನ್ ಭಾಯಿ. ಪಾರಿವಾಳದ ಗತ್ ನಂದು. ಮದುವೇಲಿ ಮಾವನವರೇ ಬಳುವಳಿಯಾಗಿ ಕೊಟ್ಟಿದ್ದು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ಕೊಟ್ಟ ಗತ್ ಕೈಗೆ ಹೊರಗು!"

"ಇವತ್ತು ತೀರಿಹೋದ ಅಬ್ಬಾ ಹೆಸರಿನ ಫಾತಿಹಾ ಪ್ರಾರ್ಥನೆ. ಮಗನಾಗಿ ನಾನು ಬೆಪ್ಪನ ಹಾಗೆ ಕೂತಿರ್ಬೇಕಾ? ಅಳಿಯ ಮನೆ ತೊಳಿಯ ಅಂತ ಸುಮ್ನೆ ಹೇಳ್ತಾರಾ ಮಿಯಾ?"

ಲಖನೌದ ಆ ಅಂಗಳದಲ್ಲಿ ಸೇರಿದ್ದ ಶಿಷ್ಯರು, ನೆಂಟರು ಇಬ್ಬರ ಮುಖವನ್ನೂ ನೋಡುತ್ತ ಕೂತಿದ್ದರು. ಮಗಳೊಂದಿಗೆ ಕೊಟ್ಟ ಗತ್ ಅನ್ನು, ಆ ತಬಲದ ರಚನೆಯನ್ನು, ತವರಿನವರು ಮತ್ತೆ ನುಡಿಸಬಾರದೆಂಬುದು ಮನೆತನದ ಕಟ್ಟಳೆ. ಆದರೆ ಇವತ್ತು ಅದನ್ನು ನುಡಿಸುವವರೇ ಶಬ್ಬನ್‌ನ ಅಬ್ಬಾ ಉಸ್ತಾದ್ ಬಾಕರ್ ಖಾನರ ವಾರಸುದಾರರು ಎಂಬುದೂ ಎಲ್ಲರಿಗೂ ಗೊತ್ತಿದ್ದ ಮಾತು.

ಪರದೆಯ ಹಿಂದೆ ಸಿಹಿ ಅನ್ನ ತಿರುವುತ್ತಿದ್ದ ಮುಷ್ತಾಕ್‌ನ ಹೆಂಡತಿ ಕನೀಜ್‌ಗೆ ಮೈಯೆಲ್ಲ ಉರಿಯಿತು. ಮಾಳಿಗೆಯ ಮೇಲೆ ಪಾರಿವಾಳಗಳು ಏಳುವುದನ್ನು ನೋಡುತ್ತ ಅಬ್ಬಾ ಆ ಗತ್ ಕಟ್ಟಿದ್ದು ಅವಳ ಕಣ್ಣೆದುರಿಗೆ. ಗಂಡ ಅದನ್ನು ಊರೂರಲ್ಲಿ ನುಡಿಸಿ ಹೆಸರು ಮಾಡಿದ. ಅವಳಿಗೆ ಸಿಕ್ಕಿದ್ದು ಪರದೆಯ ಹಿಂದಿನ ಜಾಗ, ದುಪಟ್ಟಾದ ಒಳಗೆ ಮಿಡಿಯುವ ಬೆರಳು, ಅಷ್ಟೇ. ಸಟ್ಟುಗ ಬಿಸಾಕಿ ಹೊರಗೆ ಬಂದಳು.

ಸಾರಂಗಿ ಹಿಡಿದು ಕೂತಿದ್ದ ಮುದುಕ ಛುಟ್ಟನ್ ಮಿಯಾನ ಎದುರಿಗೇ ಹೋಗಿ ನಿಂತಳು. "ಚಾಚಾ, ನೀವು ಹಿರಿಯರು, ಹೇಳಿ. ಬಳುವಳಿ ಬಂದ ತಾಮ್ರದ ಹಂಡೆ ಯಾರದು?"

"ನಿಂದೇ ತಾಯಿ. ಶರೀಯತ್ತೂ ಅದನ್ನೇ ಹೇಳುತ್ತೆ."

"ಮಂಚ?"

"ಅದೂ ನಿಂದೇ. ಗಂಡ ಮಲಗ್ಬಹುದು, ಅಷ್ಟೇ."

ಎಲ್ಲರೂ ಗೊಳ್ಳೆಂದರು.

"ಹಾಗಾದ್ರೆ ಗತ್?"

ನಗು ಅಲ್ಲಿಗೇ ನಿಂತಿತು. ಮುಷ್ತಾಕ್ ಮುಖ ಕೆಂಪಾಯಿತು. "ಗತ್ ಏನು ಹಂಡೇನಾ, ಮೂಲೇಲಿಡೋಕೆ? ನುಡಿಸೋಕೆ ಕೈ ಬೇಕು ಕನೀಜ್."

"ಬೇಕಲ್ಲ ಮತ್ತೆ! ಸ್ವಲ್ಪ ಆಚೆ ಸರೀರಿ."

ತುಪ್ಪದ ಕೈಯನ್ನು ದುಪಟ್ಟಾದ ಅಂಚಿಗೆ ಒರೆಸಿಕೊಂಡು ತಬಲದ ಮುಂದೆ ಕೂತಳು. ಮುದುಕ ಸಾರಂಗಿಯ ಮೇಲೆ ಕಮಾನು ಎಳೆದ. ಎಡಗೈ ಕೆಳಗೆ ಪಾರಿವಾಳ ಮೊದಲು ಗುಟುರು ಹಾಕಿತು. ಆಮೇಲೆ ಬಲಗೈಯಲ್ಲಿ ಒಂದು ಎದ್ದಿತು, ಇನ್ನೊಂದು, ನೋಡನೋಡುತ್ತ ಇಡೀ ಹಿಂಡೇ ಆಕಾಶಕ್ಕೆ ಹಾರಿ, ಸುತ್ತು ಹಾಕಿ, ಸರಿಯಾಗಿ ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದು ಇಳಿಯಿತು. ಒಂದು ರೆಕ್ಕೆಯೂ ಹಿಂದುಳಿಯಲಿಲ್ಲ. ಅವಳಿಗೆ ಅಳಬೇಕೆನಿಸಿತು, ಅಳಲಿಲ್ಲ. ಮುದುಕನೇ ಅತ್ತ.

ಮುಷ್ತಾಕ್ ಬಗ್ಗಿ ಅವಳ ಕೈಯನ್ನೇ ನೋಡಿದ. "ಈ ಎಡಗೈ ಎಲ್ಲಿ ಕಲಿತೆ?"

"ಅಭ್ಯಾಸ ಬಿಟ್ಟು ಭಾಯಿಜಾನ್ ಗಾಳಿಪಟ ಹಾರಿಸೋಕೆ ಓಡ್ತಿದ್ರಲ್ಲ, ಆ ಮಧ್ಯಾಹ್ನಗಳಲ್ಲಿ ಅಬ್ಬಾ ನನ್ನನ್ನ ಕೂರಿಸ್ಕೋತಿದ್ರು. ನೀವು ಊರೂರು ತಿರುಗುವಾಗ ಮನೇಲಿ ನಂಗಿನ್ನೇನು ಕೆಲಸ?"

"ಕಾನ್ಪುರದ ಕಛೇರಿ ಇದೆ. ಅಲ್ಲಿ ನಾನೀಗ ಏನು ನುಡಿಸ್ಲಿ?"

"ಇದನ್ನೇ ನುಡಿಸಿ. ಭಾಯಿಜಾನೂ ನುಡಿಸ್ಲಿ. ಬೇಡ ಅನ್ನೋಳಲ್ಲ ನಾನು. ಆದ್ರೆ ಕಲಿಯೋಕೆ ಒಂದು ಪದ್ಧತಿ ಇದ್ಯಲ್ಲ. ಇಬ್ರೂ ನನ್ನ ಮುಂದೆ ಕೂತು ಮುಂಗೈಗೆ ಶಿಷ್ಯರ ದಾರ ಕಟ್ಟಿಸ್ಕೊಳ್ಳಿ."

ಅಂಗಳದಲ್ಲಿ ಈ ಸಲ ಯಾರೂ ನಗಲಿಲ್ಲ. ಮುಷ್ತಾಕ್ ತಲೆ ತಗ್ಗಿಸಿ ಕೂತಿದ್ದವನು ಮೆಲ್ಲಗೆ ಬಲಗೈಯ ಅಂಗಿತೋಳು ಮಡಿಚತೊಡಗಿದ.

ಅದನ್ನು ಕಂಡದ್ದೇ ಶಬ್ಬನ್ ಅವನನ್ನು ತಳ್ಳಿಕೊಂಡು ಮುಂದೆ ಬಂದ. "ದೊಡ್ಡವನು ನಾನು ಮಿಯಾ. ಮೊದಲ ದಾರ ನಂಗೆ."